ವಿಜಯಂತದ ಬಲಗಡೆಯ ಮೆಟ್ಟಿಲು

ಲೀಲಾವತಿಯವರು ಟ್ಯಾಂಕ್ ಮಾಡುತ್ತಿದ್ದಾರೆ ಅಂದಾಗ ಕೆಳಗಿನ ಮನೆಯ ಸುಶೀಲಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಲೀಟರಿಂದು?"

"ನೀರಿನ ಟ್ಯಾಂಕಲ್ಲರೀ, ಯುದ್ಧದ ಟ್ಯಾಂಕು" ಎಂದು ಲೀಲಾವತಿ ಎರಡು ಕೈ ಚಾಚಿ ಅಳತೆ ತೋರಿಸಿದರು. "ಇಷ್ಟುದ್ದ ಬರುತ್ತೆ. ಫಿರಂಗಿ ಬಿಟ್ಟು."

ಸುಶೀಲಮ್ಮ ಪಾಪ ಅನ್ನುವ ಹಾಗೆ ನೋಡಿದರು.

ಮೂವತ್ತನಾಲ್ಕು ವರ್ಷ ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ನಕ್ಷೆ ಬರೆದವರು ಲೀಲಾವತಿ. ನಿವೃತ್ತಿಯಾಗಿ ದೆಹಲಿಯ ದ್ವಾರಕಾದ ಫ್ಲ್ಯಾಟಿನಲ್ಲಿ ಮಗಳು ತನ್ವಿಯ ಜೊತೆ ಇದ್ದರು. ಮೊದಲ ವರ್ಷ ಏನು ಮಾಡಬೇಕೆಂದು ತೋಚದೆ ಕಪಾಟುಗಳನ್ನು ಪದೇ ಪದೇ ಜೋಡಿಸಿಟ್ಟರು. ಆಗ ಕೈಗೆ ಸಿಕ್ಕಿದ್ದು ತನ್ವಿ ಆಫೀಸಿನಲ್ಲಿ ಯಾರಿಗೋ ಕೊಡಲೆಂದು ತಂದು ಮರೆತಿದ್ದ ಪ್ಲಾಸ್ಟಿಕ್ ಜೀಪಿನ ಡಬ್ಬಿ. ಬಿಡಿಭಾಗ ಕತ್ತರಿಸಿ ಅಂಟಿಸುವಂಥದ್ದು. ಎರಡು ದಿನದಲ್ಲಿ ಜೀಪು ನಿಂತಿತು. ಆದರೆ ಡಬ್ಬಿಯ ಮೇಲಿನ ಚಿತ್ರದಲ್ಲಿ ಚಕ್ರಕ್ಕೆ ಐದು ಬೋಲ್ಟು, ಒಳಗಿನ ಭಾಗದಲ್ಲಿ ಆರು. ಯಾವುದು ಸರಿ? ಅದನ್ನು ಹುಡುಕಲು ಹೋಗಿ ಲೀಲಾವತಿ ಹದಿನೈದು ದಿನ ಊಟದ ಹೊತ್ತು ಮರೆತರು. ಐದೇ ಸರಿ ಎಂದು ಖಾತ್ರಿಯಾದ ಮೇಲೆ ನಾಲ್ಕು ಚಕ್ರದಿಂದಲೂ ಒಂದೊಂದು ಬೋಲ್ಟು ಕೆರೆದು ತೆಗೆದು, ಉಳಿದವನ್ನು ಸರಿಸಿ ಕೂರಿಸಿದರು. ಆ ದಿನದಿಂದ ಊಟದ ಮೇಜಿನ ಅರ್ಧ ಭಾಗ ತನ್ವಿಯ ಕೈ ತಪ್ಪಿತು.

ಮೂರನೆಯ ಮಾಡೆಲಿಗೆ ಅವರಿಗೆ ಡಬ್ಬಿ ಬೇಡವಾಯಿತು. ಅವರ ವಸತಿ ಸೊಸೈಟಿಯಿಂದ ಎರಡು ಸಿಗ್ನಲ್ ದಾಟಿದರೆ ಒಂದು ಪಾರ್ಕು. ಅದರ ಗೇಟಿನ ಪಕ್ಕ ಸಿಮೆಂಟ್ ಕಟ್ಟೆಯ ಮೇಲೆ ಸೇನೆಯಿಂದ ಬಂದ ಒಂದು ಹಳೆಯ ವಿಜಯಂತ ಟ್ಯಾಂಕ್ ನಿಂತಿತ್ತು. ಬೆಳಗ್ಗೆ ವಾಕಿಂಗಿಗೆ ಹೋದವರು ಅದರ ಮುಂದೆ ಕೈಕಾಲು ಚಾಚಿ ವ್ಯಾಯಾಮ ಮಾಡುತ್ತಿದ್ದರು. ಕಟ್ಟೆಗೆ ಅಂಟಿಸಿದ ಫಲಕದಲ್ಲಿ ಟ್ಯಾಂಕಿನ ಹೆಸರು, ತೂಕ, ಮದ್ರಾಸಿನ ಹತ್ತಿರ ತಯಾರಾದದ್ದು, ಇಷ್ಟೇ. ಯಾವ ರೆಜಿಮೆಂಟು, ಎಲ್ಲೆಲ್ಲಿ ಓಡಿತು, ಒಂದೂ ಇಲ್ಲ. ಇದೇ ಟ್ಯಾಂಕನ್ನು, ಇದು ಈಗ ನಿಂತಿರುವ ಹಾಗೆಯೇ, ಮೂವತ್ತೈದನೇ ಒಂದು ಪಾಲಿನ ಅಳತೆಯಲ್ಲಿ ಮಾಡಬೇಕೆಂದು ಅವರು ತೀರ್ಮಾನಿಸಿದರು.

ಟೇಪು, ದಪ್ಪ ಅಳೆಯುವ ವರ್ನಿಯರ್, ನೋಟ್‌ಬುಕ್ ಹಿಡಿದು ಒಂದು ತಿಂಗಳು ಓಡಾಡಿದರು. ಪಾರ್ಕಿನ ಗಾರ್ಡ್ ಗೋಪಾಲ ಮೊದಲ ದಿನ ಸೀಟಿ ಊದಿ, 'ಹತ್ತಬಾರದು' ಎಂಬ ಬೋರ್ಡು ತೋರಿಸಿದ. ಮೂರನೆಯ ದಿನ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡ. "ಇದನ್ನ ಮಾರೋದಕ್ಕೇನಾದ್ರೂ ಅಳೀತಿದೀರಾ ಮ್ಯಾಡಂಜೀ?" ಎಂದು ಹಿಂದಿಯಲ್ಲಿ ಅನುಮಾನದಿಂದ ಕೇಳಿದ್ದೂ ಉಂಟು.

ಮೆಟ್ಟಿಲು ಕಣ್ಣಿಗೆ ಬಿದ್ದದ್ದು ಎರಡನೆಯ ವಾರ. ಟ್ಯಾಂಕಿನ ಮುಂಭಾಗದ ಬಲಮೂಲೆಯಲ್ಲಿ, ಮಡ್‌ಗಾರ್ಡಿನ ಕೆಳಗೆ, ಒಂದು ಉಕ್ಕಿನ ತಟ್ಟೆ ಬೆಸುಗೆ ಹಾಕಿ ನಿಂತಿತ್ತು. ಕಟ್ಟೆಯಿಂದ ನಲವತ್ತೈದು ಸೆಂಟಿಮೀಟರ್ ಎತ್ತರ, ಮೂವತ್ತೆರಡು ಅಗಲ. ಎಡಗಡೆ ಅಂಥದ್ದಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ಯಾವ ವಿಜಯಂತದ ಚಿತ್ರದಲ್ಲೂ ಇಲ್ಲ. ತಟ್ಟೆ ಒಡಲಿಗೆ ಸೇರುವ ಕಡೆ ಬೆಸುಗೆಯ ಗೆರೆ ಒಂದಲ್ಲ, ಎರಡು. ಒಂದರ ಕೆಳಗೆ ಇನ್ನೊಂದು, ಹಳೆಯದನ್ನು ಉಜ್ಜಿ ತೆಗೆದ ಗುರುತಿನ ಹಾಗೆ. ತಟ್ಟೆಯ ದಪ್ಪ ಎರಡೂ ತುದಿಗಳಲ್ಲಿ ಎಂಟು ಮಿಲಿಮೀಟರ್, ನಡುವಿನ ಅಂಚಿನಲ್ಲಿ ಆರೂವರೆ. ಲೀಲಾವತಿ ಎಲ್ಲವನ್ನೂ ಬರೆದುಕೊಂಡರು. ಯಾಕೆ ಎಂಬುದು ಮಾತ್ರ ಹೊಳೆಯಲಿಲ್ಲ.

ದೆಹಲಿ ಸುತ್ತಮುತ್ತಲಿನ ಮಾಡೆಲ್ ಮಾಡುವವರ ಗುಂಪೊಂದಿತ್ತು. ನೋಯ್ಡಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ವಿಕ್ರಮ್ ಅದನ್ನು ನಡೆಸುತ್ತಿದ್ದ. ಯಾವ ಟ್ಯಾಂಕಿಗೆ ಯಾವ ವರ್ಷ ಯಾವ ಬಣ್ಣ ಬಳಿದರು ಎಂಬುದನ್ನು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲವನು. ಲೀಲಾವತಿ ಮೆಟ್ಟಿಲಿನ ಫೋಟೋ ಕಳಿಸಿದಾಗ ಅವನ ಉತ್ತರ ಐದೇ ನಿಮಿಷದಲ್ಲಿ ಬಂತು. "ಆಂಟಿ, ಇದು ಪಾರ್ಕಿನ ಕಾಂಟ್ರಾಕ್ಟರ್ ಕೆಲಸ. ಬಣ್ಣ ಹೊಡೆಯೋವಾಗ ಹತ್ತೋಕೆ ಹಾಕ್ಕೊಂಡಿರ್ತಾರೆ. ನಿಮ್ಮ ಮಾಡೆಲಲ್ಲಿ ಹಾಕಬೇಡಿ. ಜನವರಿ ಪ್ರದರ್ಶನದಲ್ಲಿ ಅಂಕ ಹೋಗುತ್ತೆ."

ಲೀಲಾವತಿಗೆ ಅದು ಸರಿ ಅನ್ನಿಸಲಿಲ್ಲ. ಮರುದಿನ ಬೆಳಗ್ಗೆ ಹೋಗಿ ಮೆಟ್ಟಿಲ ಕೆಳಗೆ ತಲೆ ತೂರಿಸಿ ನೋಡಿದರು. ಬಣ್ಣ ಚಕ್ಕೆಯೆದ್ದ ಒಂದು ಕಡೆ ಪದರಗಳು ಕಾಣುತ್ತಿದ್ದವು. ಮೇಲೆ ಹೊಳೆಯುವ ಹಸಿರು, ಅದರಡಿ ಮಂಕು ಹಸಿರು, ಅದರಡಿ ಮರಳಿನ ಹಳದಿ. ಪಾರ್ಕಿನ ಕಾಂಟ್ರಾಕ್ಟರ್ ಟ್ಯಾಂಕಿಗೆ ಮರಳಿನ ಬಣ್ಣ ಬಳಿದಿರಲಾರ. ಈ ತಟ್ಟೆ ಮರುಭೂಮಿಗೆ ಹೋಗಿ ಬಂದದ್ದು.

"ಅಲ್ಲದೆ" ಎಂದು ರಾತ್ರಿ ಊಟಕ್ಕೆ ಕೂತಾಗ ತನ್ವಿಗೆ ಹೇಳಿದರು, "ಹತ್ತೋದಕ್ಕೆ ಅಂತ ಮೆಟ್ಟಿಲು ಮಾಡಿಸಿ, ಆಮೇಲೆ ಹತ್ತಬಾರದು ಅಂತ ಬೋರ್ಡೂ ಹಾಕ್ತಾರೇನೇ?"

"ಗವರ್ನಮೆಂಟ್ ಹೈ ಮಮ್ಮಿ, ಕುಛ್ ಭೀ ಹೋ ಸಕ್ತಾ ಹೈ" ಎಂದಳು ತನ್ವಿ. ಅಮ್ಮನ ಮುಖ ನೋಡಿ ಕನ್ನಡಕ್ಕೆ ಬಂದಳು. "ಸಾರಿ. ಸರ್ಕಾರ ಅಂದ್ರೆ ಏನ್ ಬೇಕಾದ್ರೂ ಆಗಬಹುದು. ಆದ್ರೆ ಸೋಲ್ಜರ್ಸ್‌ಗೆ ಸ್ಟೆಪ್ ಯಾಕೆ? ಅವ್ರು ಜಂಪ್ ಮಾಡಿ ಹತ್ತಲ್ವಾ?"

ಪ್ರಶ್ನೆ ಇದ್ದದ್ದೇ ಅಲ್ಲಿ. ಹಳೆಯ ವಿಡಿಯೋಗಳಲ್ಲಿ ಲೀಲಾವತಿ ನೋಡಿದ್ದರು. ಸೈನಿಕರು ಮುಂದಿನ ಕೊಕ್ಕೆಯ ಮೇಲೆ ಒಂದು ಕಾಲಿಟ್ಟು, ಚಿಮ್ಮಿ ಮೇಲೇರಿಬಿಡುತ್ತಿದ್ದರು. ಹಾಗೆ ಏರುವವರಿಗೆ ಒಂದು ಬೂಟಿಗೆ ಜಾಗ ಸಿಕ್ಕರೆ ಸಾಕು. ಮೂವತ್ತೆರಡು ಸೆಂಟಿಮೀಟರ್ ಅಗಲ ಯಾರಿಗೆ?

ನವೆಂಬರಿನಲ್ಲಿ ಸೊಸೈಟಿಯ ಲಿಫ್ಟನ್ನು ವಾರ್ಷಿಕ ರಿಪೇರಿಗೆ ನಿಲ್ಲಿಸಿದರು. ಲೀಲಾವತಿಯ ಎಡ ಮಂಡಿ ಎರಡು ತಿಂಗಳಿಂದ ನೋಯುತ್ತಿತ್ತು. ತರಕಾರಿ ಚೀಲ ಹಿಡಿದು ನಾಲ್ಕನೆಯ ಮಹಡಿಗೆ ಹೊರಟರು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹಾಗೆ ಬಲಗಾಲು ಮೇಲಿಟ್ಟು, ಎಡಗಾಲನ್ನು ಎಳೆದು ಅದರ ಪಕ್ಕಕ್ಕೆ ತಂದು, ಮತ್ತೆ ಬಲಗಾಲು. ಎರಡನೆಯ ಮಹಡಿಯ ತಿರುವಿನಲ್ಲಿ ಉಸಿರು ಬಿಡಲು ನಿಂತು ಕೆಳಗೆ ನೋಡಿದರು. ಒಂದೇ ಮೆಟ್ಟಿಲ ಮೇಲೆ ಅವರ ಎರಡೂ ಚಪ್ಪಲಿ, ಪಕ್ಕ ಪಕ್ಕ.

ಚೀಲವನ್ನು ಅಲ್ಲೇ ಇಟ್ಟು, ಪರ್ಸಿನಿಂದ ಟೇಪು ತೆಗೆದು ಅಳೆದರು. ಬೂಟು ಹಾಕಿದ ಗಂಡಸಿನ ಕಾಲು ಇನ್ನೂ ಸ್ವಲ್ಪ ಅಗಲವಿರುತ್ತದೆ ಎಂದು ಲೆಕ್ಕ ಸೇರಿಸಿದರು. ಮೂವತ್ತೆರಡು ಸರಿಯಾಗಿ ಬಂತು.

ಸಂಜೆ ತನ್ವಿ ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಮಣೆಯ ಮೇಲೆ ನಿಂತು ಫ್ರಿಜ್ಜನ್ನು ತಬ್ಬಿಕೊಂಡಿದ್ದರು.

"ಅಮ್ಮಾ! ಕ್ಯಾ ಹುವಾ?"

"ಏನೂ ಆಗಿಲ್ಲ. ಇದು ಟ್ಯಾಂಕು ಅಂದ್ಕೋ. ನೋಡು, ಬಲಗಾಲು ಇಟ್ಟೆ. ಎಡಗಾಲು ಮಡಿಸದೇ ಪಕ್ಕಕ್ಕೆ ತಂದೆ. ಈಗ ಎರಡೂ ಕಾಲಲ್ಲಿ ನಿಂತು, ಮತ್ತೆ ಬಲಗಾಲು ಮಡ್‌ಗಾರ್ಡಿನ ಮೇಲೆ. ಎಡ ಮಂಡಿ ಎಲ್ಲೂ ಬಗ್ಗಲೇ ಇಲ್ಲ." ಲೀಲಾವತಿಯ ಕಣ್ಣು ಹೊಳೆಯುತ್ತಿತ್ತು. "ಆ ಟ್ಯಾಂಕಿನಲ್ಲಿ ಮಂಡಿ ಹೋದವನೊಬ್ಬ ಇದ್ದ ಕಣೇ. ಅವನಿಗೋಸ್ಕರ ಯಾರೋ ಇದನ್ನ ಮಾಡಿಕೊಟ್ಟಿದಾರೆ."

ತನ್ವಿ ಅಮ್ಮನನ್ನು ಕೈಹಿಡಿದು ಇಳಿಸಿದಳು. "ಅಚ್ಛಾ. ಆದ್ರೆ ಮಂಡಿ ಹೋದವ್ರನ್ನ ಆರ್ಮಿಯಲ್ಲಿ ಇಟ್ಕೋತಾರಾ?"

"ಅದೇ ನನಗೂ ಗೊತ್ತಾಗಬೇಕು."

ಮಾಡೆಲ್ ಮುಗಿಯುವಷ್ಟರಲ್ಲಿ ಜನವರಿ ಬಂತು. ಒಡಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಕಟ್ಟಿದರು. ಹನ್ನೆರಡು ಜೋಡಿ ಚಕ್ರಗಳನ್ನು ಅಚ್ಚು ಮಾಡಿ ಎರಕ ಹೊಯ್ದರು. ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ, ಎಳೆದು, ಕೂದಲಿನಷ್ಟು ಸಣ್ಣಗಾದ ಮೇಲೆ ಆಂಟೆನಾ ಮಾಡಿದರು. ಮೆಟ್ಟಿಲು ಒಂಬತ್ತು ಮಿಲಿಮೀಟರ್ ಅಗಲದ ಒಂದು ಚೂರು. ಅದರ ಬೆಸುಗೆಗೆ ಬಿರುಕು ಮುಚ್ಚುವ ಪುಟ್ಟಿಯನ್ನು ಶ್ಯಾವಿಗೆಗಿಂತ ತೆಳ್ಳಗೆ ಹೊಸೆದು ಅಂಟಿಸಿ, ಸೂಜಿಮೊನೆಯಲ್ಲಿ ಒತ್ತಿ ಒತ್ತಿ ಗಂಟು ಮೂಡಿಸಿದರು. ಕೆಳಗೆ ಇನ್ನೊಂದು ಗೆರೆ, ಅರ್ಧ ಕೆರೆದ ಹಾಗೆ. ಆ ಎರಡು ಗೆರೆಗೆ ಎರಡು ದಿನ ಹಿಡಿಯಿತು. ಅಂಚಿನ ಸವೆತ ಮಾತ್ರ ತೋರಿಸಲಾಗಲಿಲ್ಲ. ಒಂದೂವರೆ ಮಿಲಿಮೀಟರನ್ನು ಮೂವತ್ತೈದರಿಂದ ಭಾಗಿಸಿದರೆ ಉಳಿಯುವುದು ಬಣ್ಣದ ಒಂದು ಪದರದಷ್ಟು.

ನೋಯ್ಡಾದ ಸಮುದಾಯ ಭವನದ ಪ್ರದರ್ಶನದಲ್ಲಿ ವಿಕ್ರಮ್ ಭೂತಗನ್ನಡಿ ಹಿಡಿದು ಮಾಡೆಲನ್ನು ಬಹಳ ಹೊತ್ತು ನೋಡಿದ. "ಚಕ್ರಗಳು ಅದ್ಭುತ, ಆಂಟಿ. ಮೆಟ್ಟಿಲು ಮಾತ್ರ..." ಎಂದು ತಲೆಯಾಡಿಸಿದ. ಅಂಕಪಟ್ಟಿಯಲ್ಲಿ 'ಆಧಾರವಿಲ್ಲದ ಸೇರ್ಪಡೆ' ಎಂದು ಬರೆದ. ಬಹುಮಾನ ಬೇರೆಯವರಿಗೆ ಹೋಯಿತು. ಲೀಲಾವತಿಗೆ ಬೇಸರವಾಗಲಿಲ್ಲ ಅಂದರೆ ಸುಳ್ಳು. ಕಾರಿನಲ್ಲಿ ದಾರಿಯುದ್ದಕ್ಕೂ ಮಾಡೆಲನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ತನ್ವಿ ಸಿಗ್ನಲಿನಲ್ಲಿ ನಿಂತಾಗಲೇ ಮಾಡೆಲಿನ ಐದಾರು ಫೋಟೋಗಳನ್ನು ದೆಹಲಿ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದಳು. "ನನ್ನ ಅಮ್ಮ ಮಾಡಿದ್ದು" ಎಂದಷ್ಟೇ ಬರೆದಳು.

ಮೂರನೆಯ ದಿನ ಫೋನು ಬಂತು. ಕಿದ್ವಾಯಿ ನಗರದ ಸರ್ಕಾರಿ ವಸತಿಯಿಂದ ರತ್ನಾ ಎಂಬಾಕೆ ಮಾತಾಡುತ್ತಿದ್ದರು. "ಮೇಡಂ, ನಮ್ಮ ಮಾವನವರು ನಿಮ್ಮ ಜೊತೆ ಮಾತಾಡಬೇಕಂತೆ. ನಿನ್ನೆಯಿಂದ ಆ ಫೋಟೋನ ದೊಡ್ಡದು ಮಾಡಿ ಮಾಡಿ ನೋಡ್ತಾ ಇದಾರೆ, ನನ್ನ ಫೋನೇ ವಾಪಸ್ ಕೊಡ್ತಿಲ್ಲ."

ಫೋನು ಕೈ ಬದಲಾಯಿತು. ಒರಟು ದನಿ, ನಿಧಾನವಾದ ಮಾತು.

"ಅಮ್ಮಾ, ಆ ಮೆಟ್ಟಿಲ ಕೆಳಗೆ ಎರಡು ವೆಲ್ಡಿಂಗ್ ಗೆರೆ ಹಾಕಿದೀರಲ್ಲ. ಅದು ನಿಮಗೆ ಹ್ಯಾಗೆ ಗೊತ್ತು?"

"ಟ್ಯಾಂಕಿನಲ್ಲಿ ಹಾಗೇ ಇದೆ. ನೋಡಿ ಮಾಡಿದೆ."

"ಇದೆಯಾ? ಇನ್ನೂ ಇದೆಯಾ?" ಎಂದಿತು ದನಿ. "ಅದು ನಾನು ಹಾಕಿದ್ದು."

ಮರುದಿನ ಮಧ್ಯಾಹ್ನವೇ ಲೀಲಾವತಿ ಮಾಡೆಲನ್ನು ಬಟ್ಟೆಯ ನಡುವೆ ಡಬ್ಬಿಯಲ್ಲಿಟ್ಟುಕೊಂಡು ಕಿದ್ವಾಯಿ ನಗರಕ್ಕೆ ಹೋದರು. ಈಶ್ವರಪ್ಪನವರಿಗೆ ಎಪ್ಪತ್ತೈದು ದಾಟಿತ್ತು. ಚಿತ್ರದುರ್ಗದ ಕಡೆಯವರು. ಸೇನೆಯ ರಿಪೇರಿ ದಳದಲ್ಲಿ ವೆಲ್ಡರ್ ಆಗಿದ್ದವರು. ಮಗ ಸೊಸೆ ಇಬ್ಬರೂ ಕೇಂದ್ರ ಸರ್ಕಾರದ ಕೆಲಸದಲ್ಲಿದ್ದುದರಿಂದ ಈಗ ದೆಹಲಿಯಲ್ಲಿದ್ದರು. ಬಾಲ್ಕನಿಯ ಬಿಸಿಲಿನಲ್ಲಿ ಮಾಡೆಲನ್ನು ಮೇಜಿನ ಮೇಲಿಟ್ಟಾಗ ಅವರು ಅದನ್ನು ಮುಟ್ಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ಸುತ್ತಲೂ ನೋಡಿದರು.

"ಮಂಡಿ ನೋವಿದ್ದವರಿಗೆ ಮಾಡಿದ್ದು, ಅಲ್ವಾ?" ಎಂದರು ಲೀಲಾವತಿ. ತಡೆದುಕೊಳ್ಳಲು ಅವರಿಂದ ಆಗಲಿಲ್ಲ. "ನನ್ನ ಹಾಗೇ ಎಡ ಮಂಡಿ ಇರಬೇಕು."

ಈಶ್ವರಪ್ಪ ನೆಟ್ಟಗಾದರು. "ಯಾರು ಹೇಳಿದ್ರು ನಿಮಗೆ?"

"ಮೆಟ್ಟಿಲೇ ಹೇಳ್ತು. ಎರಡು ಗೆರೆ ಯಾಕೆ ಅಂತ ಮಾತ್ರ ಹೇಳಲಿಲ್ಲ."

ಅವರು ಕುರ್ಚಿಯಲ್ಲಿ ಕೂತರು. ರತ್ನಾ ಚಹಾ ತಂದಿಟ್ಟರು. ಅದು ಆರಿಹೋಗುವವರೆಗೂ ಈಶ್ವರಪ್ಪ ಮೆಟ್ಟಿಲಿನ ಕಥೆ ಹೇಳಿದರು.

ಎಪ್ಪತ್ತೊಂಬತ್ತನೇ ಇಸವಿ, ರಾಜಸ್ಥಾನದಲ್ಲಿ ಅಭ್ಯಾಸ ನಡೆಯುತ್ತಿತ್ತು. ಆ ಟ್ಯಾಂಕಿನ ಫಿರಂಗಿ ಹಾರಿಸುವವನು ಮಹಾವೀರ್, ಹರಿಯಾಣದ ಝಜ್ಜರ್ ಕಡೆಯವನು. ಇಡೀ ರೆಜಿಮೆಂಟಿನಲ್ಲಿ ಅವನಷ್ಟು ಗುರಿಯವನಿರಲಿಲ್ಲ. ಚಳಿಗಾಲದಲ್ಲಿ ಲಾರಿಯಿಂದ ಬಿದ್ದು ಮಂಡಿ ಒಡೆದುಕೊಂಡ. ವಾಸಿಯಾಯಿತು ಎಂದು ಕಾಗದದಲ್ಲಿ ಬರೆಸಿಕೊಂಡು ಬಂದ, ಆದರೆ ಕಾಲು ಮಡಿಸಲು ಬರುತ್ತಿರಲಿಲ್ಲ. ಒಳಗೆ ಕೂತರೆ ಏನೂ ತೊಂದರೆಯಿಲ್ಲ, ಹತ್ತುವುದೇ ಕಷ್ಟ. ಜೊತೆಯವರಿಬ್ಬರು ಬೆಳಕು ಹರಿಯುವ ಮುಂಚೆ ಅವನನ್ನು ಬೆಲ್ಟ್ ಹಿಡಿದು ಎತ್ತಿ ಒಳಗೆ ಬಿಡುತ್ತಿದ್ದರು.

"ಒಂದು ದಿನ ನನ್ನ ಹತ್ರ ಬಂದ. ಈಶ್ವರ್ ಭಾಯ್, ಒಂದು ಮೆಟ್ಟಿಲು ಮಾಡಿಕೊಡು ಅಂದ. ಆರ್ಡರ್ ಇಲ್ಲದೆ ಟ್ಯಾಂಕಿಗೆ ಒಂದು ಮೊಳೆ ಹೊಡೆಯೋ ಹಾಗಿಲ್ಲಮ್ಮ. ಆದ್ರೂ ಮಾಡಿದೆ. ಮೊದಲು ಒಂದು ಬೂಟಿನ ಅಗಲಕ್ಕೆ ಹಾಕಿದೆ. ಹತ್ತು ನೋಡಾಣ ಅಂದೆ. ಬಲಗಾಲಿಟ್ಟ, ಎಡಗಾಲು ಎಲ್ಲಿಡಬೇಕು ಅಂತ ಗಾಳಿಯಲ್ಲಿ ಹುಡುಕಿದ. ಆಗ ನನಗೆ ತಿಳೀತು. ಕತ್ತರಿಸಿ ಬಿಸಾಕಿ, ಎರಡು ಕಾಲಿಗೆ ಅಗಲ ಮಾಡಿ, ಒಂದಿಷ್ಟು ಮೇಲಕ್ಕೆ ಹಾಕಿದೆ. ಅದೇ ನಿಮ್ಮ ಎರಡನೇ ಗೆರೆ."

ಲೀಲಾವತಿ "ಹಾಂ!" ಎಂದುಬಿಟ್ಟರು. ಮೂರು ತಿಂಗಳು ತಲೆ ಕೊರೆದದ್ದು ಒಂದು ಉಸಿರಿನಲ್ಲಿ ಬಿಡಿಸಿಕೊಂಡಿತ್ತು. ಆದರೆ ಈಶ್ವರಪ್ಪನವರ ಮುಖದಲ್ಲಿ ಸಂತೋಷವಿರಲಿಲ್ಲ.

"ಇಪ್ಪತ್ತು ದಿನ ಆಗಿತ್ತು. ಕರ್ನಲ್ ಸಾಹೇಬರು ತಪಾಸಣೆಗೆ ಬಂದ್ರು. ಟ್ಯಾಂಕ್ ಸುತ್ತ ಬಂದು ಮೆಟ್ಟಿಲ ಮುಂದೆ ನಿಂತ್ರು. ಯಾರು ಮಾಡಿದ್ದು ಇದನ್ನ ಅಂದ್ರು. ನಾನು ಇಲ್ಲೇ, ಈ ಬಾಗಿಲಷ್ಟು ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಮಹಾವೀರ್ ಹೇಳ್ದ, ಮೈಂನೇ ಕಿಯಾ ಸಾಹಬ್, ನಾನೇ ಮಾಡಿದ್ದು ಅಂತ. ಹತ್ತಿ ತೋರಿಸು ಅಂದ್ರು. ಹತ್ತಿದ. ಸಾಹೇಬರು ಅವನ ಕಾಲನ್ನೇ ನೋಡ್ತಾ ಇದ್ರು. ವಾರದೊಳಗೆ ಅವನನ್ನ ಟ್ಯಾಂಕಿನಿಂದ ಇಳಿಸಿ ತರಬೇತಿ ಶಾಲೆಗೆ ಕಳಿಸಿದ್ರು, ಹುಡುಗರಿಗೆ ಗುರಿ ಕಲಿಸೋಕೆ. ಒಳ್ಳೆ ಕೆಲಸವೇ. ಆದ್ರೆ ಅವನಿಗೆ ಬೇಕಾಗಿದ್ದಿದ್ದು ಈ ಟ್ಯಾಂಕು."

ಅವರು ತಣ್ಣಗಾದ ಚಹಾವನ್ನು ಸರಿಸಿದರು.

"ಹೊರಡೋ ದಿನ ವರ್ಕ್‌ಶಾಪಿಗೆ ಬಂದಿದ್ದ. ನಾನು ಒಂದು ಗಾಡಿ ಕೆಳಗೆ ಮಲಗಿ ಕೆಲಸ ಮಾಡ್ತಿದ್ದೆ. ಅವನ ಬೂಟು ಕಾಣ್ತಿತ್ತು. ಈಶ್ವರ್ ಎಲ್ಲಿ ಅಂತ ಕೇಳಿದ್ದೂ ಕೇಳಿಸ್ತು. ಹೊರಗೆ ಬರಲಿಲ್ಲ. ಅವನೂ ತೀರಿಹೋಗಿ ಹತ್ತು ವರ್ಷ ಆಯ್ತಂತೆ. ನಾನು ಆ ಮೆಟ್ಟಿಲು ಹಾಕದೇ ಇದ್ದಿದ್ರೆ ಅವನ ಮಂಡಿ ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಮಾರನೇ ದಿನವೇ ಅದನ್ನ ಕತ್ತರಿಸಿ ಬಿಸಾಕಿರ್ತಾರೆ ಅಂತಲೇ ಇಷ್ಟು ವರ್ಷ ತಿಳ್ಕೊಂಡಿದ್ದೆ."

ಸಮಾಧಾನದ ಮಾತು ಹೇಳುವುದು ಲೀಲಾವತಿಗೆ ಬರುತ್ತಿರಲಿಲ್ಲ. ಅವರು ನೋಟ್‌ಬುಕ್ ತೆಗೆದು ಆ ಪುಟವನ್ನು ಹುಡುಕಿದರು.

"ಈಶ್ವರಪ್ಪನವರೇ, ನೀವು ಹಾಕಿದ ತಟ್ಟೆ ಎಷ್ಟು ದಪ್ಪ ಇತ್ತು?"

"ಎಂಟು ಮಿಲಿ."

"ತುದಿಯಲ್ಲಿ ಈಗಲೂ ಎಂಟಿದೆ. ನಡುವೆ ಆರೂವರೆ."

ಅವರು ನೋಟ್‌ಬುಕ್ಕನ್ನು ಕಣ್ಣಿನ ಹತ್ತಿರ ಹಿಡಿದರು. "ಸಾಧ್ಯವಿಲ್ಲ. ಒಳ್ಳೆ ಉಕ್ಕು ಅದು. ಇಪ್ಪತ್ತು ದಿನಕ್ಕೆ ಒಬ್ಬ ಮನುಷ್ಯ ಅಷ್ಟು ಸವೆಸಲ್ಲ. ನಿಮ್ಮ ಅಳತೆ ತಪ್ಪಿರಬೇಕು."

"ನನ್ನ ಅಳತೆ ತಪ್ಪಲ್ಲ" ಎಂದರು ಲೀಲಾವತಿ, ಸ್ವಲ್ಪ ಖಾರವಾಗಿಯೇ. "ಬನ್ನಿ, ನೀವೇ ಅಳೀರಿ."

ಭಾನುವಾರ ಬೆಳಗ್ಗೆ ತನ್ವಿ ಕಿದ್ವಾಯಿ ನಗರಕ್ಕೆ ಹೋಗಿ ಅವರನ್ನು ಕಾರಿನಲ್ಲಿ ಕರೆತಂದಳು. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಲೀಲಾವತಿ ಕರೆದಿದ್ದರಿಂದ ವಿಕ್ರಮ್ ಕೂಡ ನೋಯ್ಡಾದಿಂದ ಮೊದಲ ಮೆಟ್ರೋ ಹಿಡಿದು ಬಂದಿದ್ದ. ಗೋಪಾಲ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಒಂದು ಸ್ಟೂಲ್ ತಂದಿಟ್ಟ. ಈಶ್ವರಪ್ಪ ಸ್ಟೂಲಿನ ಮೇಲೆ ಕೂತು, ಕನ್ನಡಕ ಒರೆಸಿ, ಮೊದಲು ಬೆಸುಗೆಯ ಮೇಲೆ ಹೆಬ್ಬೆರಳು ಎಳೆದರು. ಆಮೇಲೆ ವರ್ನಿಯರಿಗೆ ಕೈ ಚಾಚಿದರು.

ಎಡತುದಿ ಅಳೆದರು. ಬಲತುದಿ ಅಳೆದರು. ನಡುವೆ ಅಳೆದು, ಕಣ್ಣು ಕಿರಿದು ಮಾಡಿ ಓದಿ, ಇನ್ನೊಮ್ಮೆ ಅಳೆದರು. ಮೂರನೆಯ ಸಲ ವಿಕ್ರಮನ ಕೈಗೆ ಕೊಟ್ಟು ಹಿಂದಿಯಲ್ಲಿ "ನೀನು ಓದು" ಎಂದರು.

"ಆರೂವರೆ" ಎಂದ ವಿಕ್ರಮ್. "ಬೂಟು ಇಡೋ ಜಾಗದಲ್ಲಿ ಮಾತ್ರ."

"ಇಪ್ಪತ್ತು ದಿನ ಅಲ್ಲ ಇದು" ಎಂದರು ಲೀಲಾವತಿ. "ಇಪ್ಪತ್ತು ವರ್ಷ. ಕರ್ನಲ್ ಸಾಹೇಬರು ತೆಗೆಸಲಿಲ್ಲ. ಆಮೇಲೆ ಬಂದವರೂ ತೆಗೆಸಲಿಲ್ಲ."

ಈಶ್ವರಪ್ಪ ತಟ್ಟೆಯ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದರು. ಅವರ ಭುಜ ಅಲುಗಾಡಿದಾಗ ತನ್ವಿ ಗಾಬರಿಯಿಂದ ಹತ್ತಿರ ಬಂದಳು. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

"ಸೋಮಾರಿ ನನ್ಮಕ್ಕಳು" ಎಂದರು. "ಮಂಡಿ ಗಟ್ಟಿ ಇದ್ದವರೆಲ್ಲ ಇದನ್ನೇ ಹತ್ತಿದಾರೆ!"

ವಿಕ್ರಮ್ ಅಲ್ಲೇ ನಿಂತು ಫೋನಿನಲ್ಲಿ ತನ್ನ ಗುಂಪಿಗೆ ಏನೋ ಬರೆಯತೊಡಗಿದ. ಬರೆದು ಮುಗಿಸಿ, "ಆಂಟಿ, ನಿಮ್ಮ ನಕ್ಷೆ ನಮ್ಮ ಸಂಗ್ರಹಕ್ಕೆ ಕೊಡ್ತೀರಾ? ಅಂಕಲ್ ಹೆಸರು, ಮಹಾವೀರ್ ಅವರ ಹೆಸರು, ಎರಡೂ ಹಾಕಿ" ಎಂದ. ಅಂಕಪಟ್ಟಿಯ ಮಾತನ್ನು ಅವನೂ ಎತ್ತಲಿಲ್ಲ, ಲೀಲಾವತಿಯೂ ಎತ್ತಲಿಲ್ಲ.

ಈಶ್ವರಪ್ಪ ಆಗಲೇ ಎದ್ದು ಟ್ಯಾಂಕಿನ ಸುತ್ತ ಹೊರಟಿದ್ದರು. ಇಲ್ಲಿ ಬೆಸುಗೆ ಸರಿಯಿಲ್ಲ, ಇದನ್ನು ಯಾವನೋ ಕಲಿಯುವವನು ಹಾಕಿದ್ದು, ಇದು ಪರವಾಗಿಲ್ಲ ಎಂದು ಹೇಳುತ್ತ ಹೋದರು. ಲೀಲಾವತಿ ಪಕ್ಕದಲ್ಲೇ ನಡೆದರು. ಹಿಂಭಾಗಕ್ಕೆ ಬಂದಾಗ ಈಶ್ವರಪ್ಪ ನಿಂತು ಬಗ್ಗಿದರು. ಇಂಜಿನ್ ಮುಚ್ಚಳದ ಕೆಳಗೆ, ನೆರಳಿನಲ್ಲಿ, ಒಂದು ತಿಂಗಳು ಅಳೆದ ಲೀಲಾವತಿಯ ಕಣ್ಣಿಗೂ ತಪ್ಪಿದ್ದ, ಬಳೆಯಷ್ಟು ಸಣ್ಣದೊಂದು ಕಬ್ಬಿಣದ ಉಂಗುರ ಬೆಸೆದುಕೊಂಡಿತ್ತು.

"ಇದು ನಿಮ್ಮದಾ?" ಎಂದರು ಲೀಲಾವತಿ.

"ಅಲ್ಲ. ನಾನಿದ್ದಾಗ ಇರಲಿಲ್ಲ." ಅವರು ಉಂಗುರದೊಳಗೆ ಬೆರಳು ತೂರಿಸಿ ಎಳೆದು ನೋಡಿದರು. "ಏನಾದ್ರೂ ಕಟ್ಟೋಕಾ? ಇಷ್ಟು ಕೆಳಗೆ ಏನು ಕಟ್ತಾರೆ?"

"ಒಳಗಡೆ ಒಂದು ಕಡೆ ಮಾತ್ರ ನುಣ್ಣಗಾಗಿದೆ, ನೋಡಿದ್ರಾ?"

"ಹೂಂ. ಎಡಗಡೆ."

ಲೀಲಾವತಿ ನೋವಿನ ಮಂಡಿಯನ್ನು ಲೆಕ್ಕಿಸದೆ ನೆಲದ ಮೇಲೆ ಕೂತೇಬಿಟ್ಟರು. ಈಶ್ವರಪ್ಪ ಫೋನಿನ ಟಾರ್ಚು ಹಾಕಿ ಬೆಳಕು ಹಿಡಿದರು.